ನೀರುನಾಯಿಯ ಒಳಗೂದಲು

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು "ನೊಣ ಕಟ್ಟತೇನ್ರಿ" ಎನ್ನುತ್ತೇನೆ. ಕೇಳಿದವರು ಒಂದು ಸಲ ನನ್ನ ಮುಖ ನೋಡುತ್ತಾರೆ, ಆಮೇಲೆ ನಗುತ್ತಾರೆ. ನಗಲಿ. ರಾಮದುರ್ಗದ ನಮ್ಮ ಮಗ್ಗದ ಮನೆಯಲ್ಲಿ ಈಗ ಮಗ್ಗವಿಲ್ಲ, ಒಂದು ಉದ್ದನೆಯ ಮೇಜಿದೆ. ಅದರ ಸುತ್ತ ಆರು ಜನ ಹೆಂಗಸರು ಕೂತು ಗಾಳದ ಕೊಕ್ಕೆಗೆ ಗರಿ, ಕೂದಲು, ದಾರ ಸುತ್ತಿ ಹುಳುವಿನ ರೂಪ ಕೊಡುತ್ತೇವೆ. ಪರದೇಶದಲ್ಲಿ ಮೀನು ಹಿಡಿಯುವುದನ್ನೇ ಹವ್ಯಾಸ ಮಾಡಿಕೊಂಡವರಿದ್ದಾರೆ. ಎರೆಹುಳು ಚುಚ್ಚಿ ಹಿಡಿಯುವುದು ಅವರ ಲೆಕ್ಕಕ್ಕೆ ಕೀಳು. ಇಂಥ ಕಟ್ಟಿದ ನೊಣವನ್ನು ನೀರಿಗೆಸೆದು ಮೀನನ್ನು ಮೋಸಗೊಳಿಸಿದರೆ ಮಾತ್ರ ಅವರಿಗೆ ತೃಪ್ತಿ. ಹಿಡಿದ ಮೀನನ್ನು ತಿರುಗಿ ನೀರಿಗೇ ಬಿಡುತ್ತಾರೆಂದು ತಿಳಿದಾಗ ನಮ್ಮಲ್ಲಿ ಹಿರಿಯಳಾದವಳು, "ಹಂಗಾರ ಹಿಡಿಯೂದರ ಯಾಕಂತ?" ಎಂದು ಮೂಗು ಮುರಿದಿದ್ದಳು.

ಈ ಕೆಲಸ ನಮಗೆ ಒಲಿದದ್ದು ಬೆರಳಿನಿಂದ. ಮಗ್ಗದ ಮೇಲೆ ಒಂದು ಹಾಸು ಮುಗಿದು ಹೊಸ ಹಾಸು ಹೂಡುವಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆದು ಕೂಡಿಸಬೇಕು. ಕೆಚ್ಚುವುದು ಎನ್ನುತ್ತೇವೆ. ಸಾವಿರಾರು ಎಳೆಗಳು. ಎಲ್ಲಿ ಕೂಡಿತೆಂದು ಕಣ್ಣಿಗೂ ಕಾಣಬಾರದು, ಬೆರಳಿಗೂ ತಿಳಿಯಬಾರದು. ಸಾಲಿ ಬಿಟ್ಟು ಬಂದ ಮೇಲೆ ನಾನು ಮಾಡಿದ್ದು ಅದನ್ನೇ. ನೂಲು ಸರಿಯಿಲ್ಲದಿದ್ದರೆ ನಮ್ಮಪ್ಪ ಅದನ್ನು ಅಂಗಡಿಯವನ ಮುಂದೆ ಒಗೆದು, "ಇದು ನೂಲೋ, ಹುರಿಯೋ?" ಎಂದು ಕೇಳಿ ಬರುತ್ತಿದ್ದ. ಆ ಕಣ್ಣು ನನಗೂ ಬಂದಿದೆ, ಆ ನಾಲಿಗೆಯೂ ಬಂದಿದೆ. ಅದರ ಬಗ್ಗೆ ನನಗೆ ಬಹಳ ಜಂಬವಿತ್ತು.

ದೀಪಾವಳಿ ಮುಗಿದ ವಾರ ನಮಗೆ ಕೆಲಸ ಕೊಡುವ ಬೆಳಗಾವಿಯ ವ್ಯಾಪಾರಿ ಬಂದರು. ಕೈಯಲ್ಲಿ ಗಾಜಿನ ಮುಚ್ಚಳದ ಪುಟ್ಟ ಡಬ್ಬಿ. ಒಳಗೆ ಒಂದೇ ಒಂದು ನೊಣ, ಯಾರದೋ ಮುತ್ತಜ್ಜನ ಕಾಲದ್ದು. ಅಂಥವೇ ಎರಡು ಡಜನ್ ಬೇಕೆಂದು ಆ ಕಡೆಯ ಗಿರಾಕಿ ಕೇಳಿದ್ದನಂತೆ.

"ಇದರ ಮೈ ನೀರನಾಯಿ ಕೂದಲದ್ದ ಐತ್ರಿ ಅಕ್ಕಾರ," ಎಂದರು ವ್ಯಾಪಾರಿ. "ನಾವು ಅದನ್ನ ಮುಟ್ಟೂದ ಬ್ಯಾಡ. ಕಾಯ್ದೆ ಐತಿ. ಮೊಲದ ಕೂದಲಕ್ಕ ಬಣ್ಣ ಹಾಕಿ ಮಾಡ್ರಿ, ಗಿರಾಕಿನೂ ಒಪ್ಯಾನ."

ಇದನ್ನು ಇಲ್ಲೇ ಸ್ಪಷ್ಟ ಹೇಳಿಬಿಡುತ್ತೇನೆ. ನನಗೆ ಯಾರೂ ನೀರುನಾಯಿಯ ಕೂದಲು ತಾ ಎಂದಿರಲಿಲ್ಲ. ಮಾರುವವನು ಬೇಡ ಎಂದಿದ್ದ, ಕೊಳ್ಳುವವನೂ ಬೇಡ ಎಂದಿದ್ದ.

ಮೊಲದ ಕೂದಲನ್ನು ಅಳಲೆಕಾಯಿ ಕುದಿಸಿದ ನೀರಿನಲ್ಲಿ ನೆನೆಹಾಕಿದೆ, ಚಹಾಪುಡಿಯ ಡಿಕಾಕ್ಷನ್ನಿನಲ್ಲಿ ಅದ್ದಿದೆ. ಬಣ್ಣ ಮೂರನೆಯ ಸಲಕ್ಕೆ ಸರಿಹೋಯಿತು. ಒರಟು ಹೊರಗೂದಲನ್ನು ಒಂದೊಂದಾಗಿ ಕಿತ್ತು ಮೆತ್ತನೆಯ ಒಳಗೂದಲು ಮಾತ್ರ ಉಳಿಸಿಕೊಂಡೆ. ಜೇನುಮೇಣ ತಿಕ್ಕಿದ ದಾರದ ಮೇಲೆ ಅದನ್ನು ತೆಳ್ಳಗೆ ಹರವಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದೇ ದಿಕ್ಕಿಗೆ ಹೊಸೆದು, ಕೊಕ್ಕೆಯ ಮೈಗೆ ಸುತ್ತಿದೆ. ಹುಂಜದ ಕುತ್ತಿಗೆ ಗರಿಯಿಂದ ಬಾಲ ಕಟ್ಟಿ, ತಲೆಗೆ ಗಂಟು ಹಾಕಿ, ಒಂದು ಹನಿ ವಾರ್ನಿಶ್ ಬಿಟ್ಟೆ. ಒಣಗಿದ ಮೇಲೆ ಎರಡು ಗ್ಲಾಸಿನಲ್ಲಿ ನೀರು ತುಂಬಿ, ಒಂದರಲ್ಲಿ ಹಳೆಯದನ್ನು, ಇನ್ನೊಂದರಲ್ಲಿ ನನ್ನದನ್ನು ಬಿಟ್ಟೆ.

ಹಳೆಯದು ಮೈತುಂಬ ಸಣ್ಣ ಸಣ್ಣ ಗಾಳಿಗುಳ್ಳೆ ಹಿಡಿದುಕೊಂಡು ಬೆಳ್ಳಗೆ ಮಿನುಗುತ್ತ ನಿಧಾನಕ್ಕೆ ಇಳಿಯಿತು. ನನ್ನದು ನೀರು ಕುಡಿದು ತೊಯ್ದ ಬತ್ತಿಯ ಹಾಗೆ ತಳಕ್ಕೆ ಹೋಯಿತು.

ವ್ಯಾಪಾರಿ ನೋಡಿ, "ಚಲೋ ಆಗೇತ್ರಿ, ಇಷ್ಟ ಸಾಕು," ಎಂದರು. ಸಾಕಂತೆ! ನನಗೆ ಮೈಯೆಲ್ಲ ಉರಿಯಿತು. ಹಿಂದಿನವರು ಮಾಡಿದ್ದನ್ನು ನನ್ನ ಕೈ ಮಾಡಲಾರದು ಎಂದರೆ ಏನರ್ಥ? ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಸವದತ್ತಿಯ ಬಸ್ಸು ಹತ್ತಿದೆ.

ಸವದತ್ತಿಯ ಹಿನ್ನೀರಿನ ದಂಡೆಯಲ್ಲಿ ಒಬ್ಬ ಮುದಿ ಮೀನುಗಾರರಿದ್ದಾರೆ. ನೈಲಾನ್ ಬರುವ ಮೊದಲು ಬಲೆ ಹೆಣೆಯಲು ನಮ್ಮಪ್ಪನ ಹತ್ತಿರ ಹುರಿ ಒಯ್ಯುತ್ತಿದ್ದರು. ನಾನು ಚಿಕ್ಕಂದಿನಿಂದ ಅವರನ್ನು ಕಾಕಾ ಎನ್ನುತ್ತೇನೆ, ಅವರ ಹೆಂಡತಿಯನ್ನು ಕಾಕು. ನೀರುನಾಯಿಗಳು ಬಲೆ ಹರಿದು ಮೀನು ಕದಿಯುತ್ತವೆಂದು ಅವರು ಬಯ್ಯುವುದನ್ನು ಕೇಳಿದ್ದೆ. ಬಯ್ಗುಳದಲ್ಲಿ ಸಲಿಗೆಯೂ ಇರುತ್ತಿತ್ತು, ಪಕ್ಕದ ಮನೆಯ ತುಂಟ ಹುಡುಗರನ್ನು ಬಯ್ದ ಹಾಗೆ. ಹಿಂದಿನ ವರ್ಷ ಒಂದು ಅವರ ಬಲೆಯಲ್ಲಿ ಸಿಕ್ಕಿ ಉಸಿರುಗಟ್ಟಿ ಸತ್ತಿತ್ತು. ಅದರ ತೊಗಲಿನಲ್ಲಿ ಹುಳು ತಿಂದು ಉಳಿದ ಒಂದು ತುಂಡು ಇನ್ನೂ ಗೋಡೆಗೆ ಇತ್ತು.

"ಇದ್ಯಾಕ ಬೇಕ ನಿನಗ?" ಎಂದು ಕಾಕಾ ನಕ್ಕರು. ಹೇಳಿದೆ. "ನೊಣಾ ಮಾಡಾಕ? ಹಿಂತಾದ್ದೂ ಒಂದ ಕಸಬ ಐತೇನವ್ವಾ!" ಎಂದು ಇನ್ನಷ್ಟು ನಕ್ಕು, ತೊಗಲನ್ನು ಮಡಚಿ ಚೀಲಕ್ಕೆ ಹಾಕಿಕೊಟ್ಟರು. ಅವರು ಬೇಡವೆಂದರೂ ನಾನು ಕೈತುಂಬ ದುಡ್ಡು ಕೊಟ್ಟೇ ಬಂದೆ.

ಬಸ್ಸು ತೊರಗಲ್ ದಾಟುವ ತನಕ ನನ್ನೊಳಗೇ ವಾದ ಮಾಡಿಕೊಂಡೆ. ಸತ್ತದ್ದೇ ಅಲ್ಲವೇ? ನಾನೇನು ಕೊಂದೆನೇ? ಹುಂಜದ ಗರಿಯೂ ಕೋಳಿ ಅಂಗಡಿಯವನು ಕಸಕ್ಕೆ ಒಗೆಯುವ ಗರಿಯೇ, ಅದನ್ನು ದಿನಾಲೂ ತರುತ್ತೇನೆ. ಒಗೆಯುವುದಕ್ಕೆ ಬೆಲೆ ಬರಲಿ ಬಿಡು. ವಾದದಲ್ಲಿ ನಾನೇ ಗೆದ್ದೆ. ಎದುರು ಮಾತಾಡಲು ಯಾರೂ ಇರಲಿಲ್ಲವಲ್ಲ.

ಆ ಕೂದಲಿನಲ್ಲಿ ಕಟ್ಟಿದ ನೊಣ ಗ್ಲಾಸಿನಲ್ಲಿ ಬೆಳ್ಳಿಯ ಹಾಗೆ ಇಳಿಯಿತು. ಆರೂ ಜನ ಬಾಯಿ ತೆರೆದು ನೋಡಿದೆವು. ವ್ಯಾಪಾರಿ ಮುಂದಿನ ಸಲ ಬಂದಾಗ ಒಂದು ನೊಣವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇದ ಮೊಲದ್ದಲ್ರಿ," ಎಂದರು.

"ಹಳೇ ಕೋಟಿನ ತುಂಡ ಸಿಕ್ಕಿತ್ರಿ, ಕಾಯ್ದೆ ಬರೂಕಿಂತ ಮೊದಲಿಂದು," ಎಂದೆ. ಸುಳ್ಳು ಇಷ್ಟು ಸಲೀಸಾಗಿ ನನ್ನ ಬಾಯಿಂದ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅವರು ನಂಬಿದರು, ಒಂದು ಡಜನ್ ಒಯ್ದರು. ತೊಗಲು ಅಷ್ಟಕ್ಕೇ ಮುಗಿದಿತ್ತು.

ಕಾಕಾಗೆ ಫೋನ್ ಮಾಡಿ ಮತ್ತೊಂದು ಸಿಕ್ಕರೆ ಹೇಳಿರಿ ಎಂದೆ. ಹದಿನೈದು ದಿನಕ್ಕೆ ಅವರೇ ರಾಮದುರ್ಗಕ್ಕೆ ಬಂದರು, ಕೈಯಲ್ಲಿ ಒದ್ದೆ ಗೊಬ್ಬರದ ಚೀಲ. ಬಿಚ್ಚಿದೊಡನೆ ನಾರಿತು. ಬಿಟ್ಟ ಬಲೆಯೊಂದರಲ್ಲಿ ಸಿಕ್ಕಿ ಎಷ್ಟೋ ದಿನದಿಂದ ನೀರಿನಲ್ಲಿತ್ತಂತೆ. ಬೆರಳಾಡಿಸಿದರೆ ಕೂದಲು ಬುಡಸಮೇತ ಕೈಗೆ ಬರುತ್ತಿತ್ತು.

"ಇದ ನಡಿಯಂಗಿಲ್ರಿ ಕಾಕಾ," ಎಂದೆ. "ಕೊಳತೈತಿ. ತಾಜಾ ಇದ್ರ ತರ್ರಿ. ಮತ್ತ ಬಲಿಯೊಳಗ ಒದ್ದಾಡಿ ಹೊಟ್ಟಿಕಡೆ ತಿಕ್ಕಿದ್ದೂ ಬ್ಯಾಡ. ಒಳಗೂದಲಾ ಎಲ್ಲಾ ಅಲ್ಲೇ ಇರತೈತಿ."

ಅವರು ಚೀಲ ಮಡಚಿಕೊಂಡರು. "ತಾಜಾ ಬೇಕು," ಎಂದರು, ನೆನಪಿಟ್ಟುಕೊಳ್ಳುವವರ ಹಾಗೆ.

"ಹೂನ್ರಿ. ಚಾ ಕುಡದ ಹೋಗ್ರಿ."

ಅಷ್ಟೇ ನಡೆದದ್ದು. ನೂಲಿನವನಿಗೆ ಹೇಳುವ ಮಾತನ್ನು ಹೇಳಿದ್ದೆ. ಈ ನೂಲಿನ ಲಡಿಗೆ ಬಿಗಿ ಇಲ್ಲ, ಮುಂದಿನ ಸಲ ಒಳ್ಳೆಯದು ತಾ ಎಂದರೆ ಅವನು ಗಿರಣಿಯಿಂದ ಬೇರೆ ಲಡಿ ತರುತ್ತಾನೆ. ತಾಜಾ ಎಂದರೆ ಕಾಕಾ ಎಲ್ಲಿಂದ ತರಬೇಕು? ಅವರು ಬಸ್ ಸ್ಟ್ಯಾಂಡಿನ ಕಡೆ ನಡೆದು ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ನನಗೆ ಏನೂ ಹೊಳೆಯಲಿಲ್ಲ. ಇಷ್ಟು ಸೂಕ್ಷ್ಮದ ಕಣ್ಣಿನವಳಿಗೆ ಹೊಳೆಯಲಿಲ್ಲ.

ಬನದ ಹುಣ್ಣಿಮೆಯ ಸುಮಾರಿಗೆ ಫೋನ್ ಬಂತು. ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಿಂದ ಬಸ್ಸು ತುಂಬಿತ್ತು, ಸವದತ್ತಿಯ ತನಕ ನಿಂತೇ ಹೋದೆ. ಮುಂಜಾನೆ ಹತ್ತು ಗಂಟೆಯ ಹೊತ್ತಿಗೆ ಕಾಕಾನ ಗುಡಿಸಲು ಮುಟ್ಟಿದೆ.

ತೊಗಲನ್ನು ಬಿದಿರ ಕಡ್ಡಿಗಳಿಗೆ ಬಿಗಿದು ನೆರಳಲ್ಲಿ ಇಟ್ಟಿದ್ದರು. ಎಂಥ ತೊಗಲು ಎಂದರೆ, ದೇವರೇ, ಮೊದಲು ನನಗೆ ಸಂತೋಷವೇ ಆಯಿತು. ಅದನ್ನು ಮುಚ್ಚಿಡುವುದಿಲ್ಲ. ಒಂದು ತೂತಿಲ್ಲ, ಒಂದು ಗಾಯವಿಲ್ಲ. ಬೆನ್ನಿನ ಮೇಲೆ ಅಂಗೈ ಎಳೆದೆ, ತಿರುಗಿಸಿ ಹೊಟ್ಟೆಯ ಕಡೆ ನೋಡಿದೆ. ಅಲ್ಲಿ ನಾಲ್ಕು ಕಡೆ ಕೂದಲು ಸವೆದು ಸಣ್ಣಗೆ ಬೋಳಾಗಿತ್ತು. ನಾನು ಎರಡು ಹೆತ್ತವಳು. ಅದೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ಕಾಕಾ, ಇದು ಹಾಲೂಡಸೂದಿತ್ರಿ."

"ಇರಬೇಕವ್ವಾ. ನಾ ಅಷ್ಟ ನೋಡಲಿಲ್ಲ." ಅವರ ದನಿಯಲ್ಲಿ ಕೆಲಸ ಚೆನ್ನಾಗಿ ಮಾಡಿದವರ ಸಮಾಧಾನವಿತ್ತು. "ಬಲಿಯೊಳಗ ಬಿದ್ರ ತಿಕ್ಕತೈತಿ ಅಂದಿದ್ದೆಲ್ಲಾ, ಅದಕ್ಕ ಉರಲ ಹಾಕಿದ್ನಿ. ನಿನ್ನೆ ಮುಂಜಾನೆ ಹೋದಾಗ ಜೀವ ಇತ್ತ. ತಲೀಗೆ ಒಂದ ಪೆಟ್ಟ, ಅಷ್ಟ. ತೊಗಲಿಗೆ ಏನೂ ಆಗಿಲ್ಲ ನೋಡ."

ಕೈಯಲ್ಲಿದ್ದ ಬಿದಿರ ಕಡ್ಡಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತೆ. ಕಾಕು ಒಲೆಯ ಮುಂದಿನಿಂದ ಎದ್ದು ಬಂದು, "ನಿನ್ನೆಯಿಂದ ಮರಿ ಸಿಳ್ಳಿ ಹೊಡ್ಯಾಕತ್ತಾವ ಯವ್ವಾ, ನನಗ ಕೇಳಾಕ ಆಗವಲ್ದು," ಎಂದರು. ಕಾಕಾ ಅವರನ್ನು ಗದರಿಸಲಿಲ್ಲ, ನೆಲ ನೋಡಿದರು.

ಕಾಕು ನನ್ನನ್ನು ದಂಡೆಗೆ ಕರೆದೊಯ್ದರು. ಬಂಡೆಗಳ ನಡುವೆ, ನೀರಿಗೆ ಮಾರುದ್ದ ಮೇಲೆ, ಒಂದು ಬಿಲ. ಹತ್ತಿರ ಹೋಗುವಾಗಲೇ ಕೇಳಿಸಿತು. ಸಣ್ಣ, ಚೂಪಾದ ಕೂಗು, ಎಡೆಬಿಡದೆ. ಬಿಲದ ಬಾಯಿಯಲ್ಲಿ ಒಂದು ಮೀನು ಬಿದ್ದಿತ್ತು, ಹಸಿಯದು.

"ಗಂಡು ತಂದ ಇಡತೈತಿ," ಎಂದರು ಕಾಕು. "ಮರಿಗೆ ಮೀನ ತಿನ್ನಾಕ ಎಲ್ಲಿ ಬರತೈತಿ? ಅವಕ್ಕ ಹಾಲ ಬೇಕು. ಪಾಪ, ಅದಕ್ಕೇನ ಗೊತ್ತು."

ನಾನು ಫೋನ್ ತೆಗೆದೆ. ಅರಣ್ಯ ಇಲಾಖೆಯ ಆಫೀಸು ಸವದತ್ತಿಯಲ್ಲೇ ಇದೆ, ಅರ್ಧ ಗಂಟೆಯ ದಾರಿ. ಡಾಕ್ಟರು ಬರುತ್ತಾರೆ, ಮರಿಗಳನ್ನು ಒಯ್ಯುತ್ತಾರೆ, ಬದುಕಿಸುತ್ತಾರೆ. ಹಿಂದೆಯೇ ಬಂದಿದ್ದ ಕಾಕಾ ನನ್ನ ಕೈ ಹಿಡಿದರು.

"ಬ್ಯಾಡವ್ವಾ, ಕೈ ಮುಗೀತೇನಿ. ನನ್ನ ಒಳಗ ಹಾಕತಾರ. ಈ ವಯಸ್ಸಿನ್ಯಾಗ ನಾ ಜೇಲ ಕಾಣಬೇಕೇನ? ನಾವ ಸಾಕೂಣು. ಆಡ ಐತಿ, ಹಾಲ ಹಾಕೂಣು."

ಫೋನನ್ನು ಚೀಲಕ್ಕೆ ಹಾಕಿದೆ. ಕಾಕಾನ ಮೇಲಿನ ಕನಿಕರದಿಂದ ಹಾಕಿದೆ ಎಂದು ಬರೆದರೆ ಓದುವವರು ನಂಬುತ್ತಾರೆ. ಅರ್ಧ ಅದೇ. ಉಳಿದರ್ಧ ನನ್ನ ಹೆಸರು, ನನ್ನ ಮೇಜು, ವ್ಯಾಪಾರಿಗೆ ಹೇಳಿದ ಸುಳ್ಳು.

ಗಂಡು ಓಡಾಡುವಾಗ ಕೈಹಾಕಿದರೆ ಕಚ್ಚೀತೆಂದು ಆ ದಿನ ಬಿಲದ ಹತ್ತಿರ ಹೋಗದೆ ದೂರ ಕೂತು ನೋಡಿದೆವು. ಗಂಡು ಎರಡು ಸಲ ಬಂದು ಮೀನಿಟ್ಟು ಹೋಯಿತು. ನಾನು ರಾತ್ರಿ ಕಾಕಾನ ಗುಡಿಸಲಲ್ಲೇ ಉಳಿದೆ. ಮರುದಿನ ಮಧ್ಯಾಹ್ನದ ತನಕ ಕಾದರೂ ಅದು ಬರಲಿಲ್ಲ. ಆಗ ಕಾಕಾ ಬಿಲಕ್ಕೆ ಕೈಹಾಕಿ ಎರಡು ಮರಿಗಳನ್ನು ಹೊರಗೆ ತೆಗೆದರು. ಕಣ್ಣು ಬಿಟ್ಟಿದ್ದವು, ಅಷ್ಟೇ. ಬುಟ್ಟಿಗೆ ಕಾಕುವಿನ ಹಳೆಯ ಸೀರೆ ಹಾಸಿ ಮಲಗಿಸಿದೆ. ಅರಳೆಯ ಬತ್ತಿ ಹೊಸೆದು ಆಡಿನ ಹಾಲಿನಲ್ಲಿ ಅದ್ದಿ ಬಾಯಿಗೆ ಹಿಡಿದೆ. ಚೀಪಿದವು! ಕಾಕಾ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಸಂಜೆಯ ಹೊತ್ತಿಗೆ ಎರಡಕ್ಕೂ ಭೇದಿ ಹತ್ತಿತು. ಹಾಲಿಗೆ ನೀರು ಬೆರೆಸಿದೆ, ಆಮೇಲೆ ಹಾಲು ಬಿಟ್ಟು ಬರೀ ಸಕ್ಕರೆ ನೀರು ಕೊಟ್ಟೆ. ಏನು ಮಾಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ನೂಲಿನ ಬಣ್ಣ ಕೂಡಿಸುವ ಹಾಗೆ ಸ್ವಲ್ಪ ಇದು, ಸ್ವಲ್ಪ ಅದು ಮಾಡುತ್ತಿದ್ದೆ.

ಮೂರನೆಯ ಮುಂಜಾನೆ ನೋಡಿದರೆ ಚಿಕ್ಕದು ಸೆಟೆದುಕೊಂಡಿತ್ತು. ದೊಡ್ಡದು ಅದರ ಕುತ್ತಿಗೆಯ ಮೇಲೆ ಮುಖವಿಟ್ಟು ಮಲಗಿತ್ತು, ಕೂಗುವುದನ್ನು ನಿಲ್ಲಿಸಿತ್ತು. ಇಷ್ಟು ದಿನ ಆ ಕೂಗು ನಿಂತರೆ ಸಾಕೆನಿಸಿತ್ತು ನನಗೆ. ನಿಂತಾಗ ಬುಟ್ಟಿಗೆ ಕಿವಿಯಿಟ್ಟು ಅದೇ ಕೂಗಿಗಾಗಿ ಕಾದೆ.

ಕಾಕಾನನ್ನು ಕೇಳಲಿಲ್ಲ. ಆಟೋ ಹಿಡಿದು ಅರಣ್ಯ ಇಲಾಖೆಯ ಆಫೀಸಿಗೆ ಹೋದೆ. ಅಲ್ಲಿನ ಅಧಿಕಾರಿ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಿಂತಲ್ಲೇ ಎಲ್ಲ ಹೇಳಿದೆ.

"ತರಿಸಿದವರು ಯಾರ್ರಿ?" ಎಂದು ಕೇಳಿದಳು.

"ನಾನ್ರಿ. ಬಡದವರು ಅವರು. ಬಡಸಿದಾಕಿ ನಾನು."

ಅವಳು ಆಗ ಏನೂ ಬರೆದುಕೊಳ್ಳಲಿಲ್ಲ. "ಮೊದಲ ಮರಿ ನೋಡೂಣು," ಎಂದು ಜೀಪು ತೆಗೆಸಿದಳು. ದಾರಿಯಲ್ಲಿ ದನದ ದವಾಖಾನೆಯ ಡಾಕ್ಟರನ್ನು ಹತ್ತಿಸಿಕೊಂಡೆವು. ಡಾಕ್ಟರು ಮರಿಯ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು. ಎತ್ತಿದ ಮಡಿಕೆ ಹಾಗೆಯೇ ನಿಂತಿತು, ಮೈಯಲ್ಲಿ ನೀರೇ ಉಳಿದಿರಲಿಲ್ಲ.

"ಎಷ್ಟ ದಿನಾ ಆತು?"

"ಅವ್ವ ಹೋಗಿ ನಾಕನೇ ದಿನಾರಿ. ನನಗ ಗೊತ್ತಾಗಿ ಮೂರ."

ಅವರು ನನ್ನ ಕಡೆ ಒಮ್ಮೆ ನೋಡಿ, ಚರ್ಮದ ಕೆಳಗೆ ಸಲೈನ್ ಕೊಟ್ಟು, ಬಿಸಿನೀರಿನ ಬಾಟಲಿ ಸುತ್ತಿಟ್ಟರು. ಬೆಳಗಾವಿಗೆ ಒಯ್ದರೆ ಏನಾದರೂ ಆದೀತು ಎಂದರು. ಬುಟ್ಟಿ ನನ್ನ ತೊಡೆಯ ಮೇಲಿತ್ತು. ಅಧಿಕಾರಿ ಮುಂದೆ ಕೂತು ಯಾರಿಗೋ ಫೋನ್ ಮಾಡುತ್ತ ಬಂದಳು, ಯಾವ ಹಾಲು, ಎಷ್ಟು ಬಿಸಿ, ಎಷ್ಟೆಷ್ಟು ಹೊತ್ತಿಗೆ. ಅದಕ್ಕೆಂದೇ ಬೇರೆ ಹಾಲಿನ ಪುಡಿ ಇದೆಯಂತೆ, ಗೊತ್ತಿದ್ದವರೂ ಇದ್ದಾರಂತೆ. ಎಲ್ಲವೂ ಇತ್ತು. ಬೈಲಹೊಂಗಲ ಇನ್ನೂ ಮುಟ್ಟಿರಲಿಲ್ಲ, ಬುಟ್ಟಿಯೊಳಗೆ ಏರಿಳಿಯುತ್ತಿದ್ದದ್ದು ನಿಂತಿತು. ನಾನು ಹೇಳಲಿಲ್ಲ. ಬೈಲಹೊಂಗಲದ ಬಜಾರಿನಲ್ಲಿ ಜೀಪು ನಿಂತಾಗ ಅಧಿಕಾರಿ ತಿರುಗಿ ನೋಡಿ ತಾನೇ ತಿಳಿದುಕೊಂಡಳು. ಗಡಿಯಾರ ನೋಡಿ ಸಮಯ ಬರೆದಳು. ನಾನು ನಡುಬಜಾರಿನಲ್ಲಿ ಹೋ ಎಂದು ಅತ್ತೆ. ಜನ ನೋಡಿದರು, ನೋಡಲಿ ಎಂದು ಅತ್ತೆ.

ಆಮೇಲಿನದು ಕಾಗದದ ಕೆಲಸ. ಪಂಚನಾಮೆಯಾಯಿತು. ತೊಗಲು, ಉರುಲು, ಮೇಜಿನ ಸಂದಿಯಲ್ಲಿ ಉಳಿದಿದ್ದ ಕೂದಲಿನ ಚೂರು, ಎಲ್ಲವನ್ನೂ ಅರಿವೆಯಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದರು. ಕಾಕಾ ತಮ್ಮ ಹೇಳಿಕೆಯಲ್ಲಿ ನನ್ನ ಹೆಸರನ್ನೇ ಎತ್ತಿರಲಿಲ್ಲ. ಬಲೆ ಹರಿಯುತ್ತಿತ್ತು, ಸಿಟ್ಟಿಗೆ ಬಡಿದೆ ಎಂದಿದ್ದರು. "ಇದು ನಿಮಗ ಅನುಕೂಲ ಐತಿ," ಎಂದಳು ಅಧಿಕಾರಿ, ನನ್ನನ್ನು ಪರೀಕ್ಷಿಸುವವಳ ಹಾಗೆ. ನಾನು ಹಾಳೆ ಇಸಿದುಕೊಂಡು ನನ್ನದನ್ನು ನಾನೇ ಬರೆದು ಸಹಿ ಹಾಕಿದೆ. ಇಬ್ಬರ ಮೇಲೂ ಕೇಸಾಯಿತು. ಒಳಗೆ ಹೆಚ್ಚು ದಿನ ಇದ್ದವರು ಕಾಕಾನೇ. ನನಗೆ ಜಾಮೀನು ಬೇಗ ಸಿಕ್ಕಿತು.

ವ್ಯಾಪಾರಿಗೂ ನಿಜ ಹೇಳಿದೆ. "ಮೊಲದ್ದ ಸಾಕ ಅಂದಿದ್ನೆಲ್ರಿ ಅಕ್ಕಾರ," ಎಂದಷ್ಟೇ ಅಂದರು. ಅವರನ್ನೂ ಕರೆಸಿ ವಿಚಾರಿಸಿದರು, ಕಳಿಸಿದ ಡಜನ್ನು ತಿರುಗಿ ತರಿಸಿಕೊಳ್ಳಬೇಕಾಯಿತು. ಮೂರು ತಿಂಗಳು ಮೇಜು ಖಾಲಿ ಇತ್ತು. ಐದು ಜನ ಹೆಂಗಸರು ನನಗೊಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಈಗ ಮತ್ತೆ ಕೆಲಸ ಬಂದಿದೆ. ಮೊಲದ ಕೂದಲಿನಲ್ಲೇ ಕಟ್ಟುತ್ತೇವೆ. ನೀರು ಕುಡಿಯುತ್ತದೆ, ಕುಡಿಯಲಿ.

ಕಾಕಾ ಹೊರಗೆ ಬಂದ ಮೇಲೆ ನಾವು ಮೊದಲ ಸಲ ಎದುರಾದದ್ದು ಸವದತ್ತಿಯ ಕೋರ್ಟಿನ ಪಡಸಾಲೆಯಲ್ಲಿ. ಅಂಗಿಯೊಳಗೆ ಮೈಯೇ ಇಲ್ಲದ ಹಾಗೆ ಆಗಿದ್ದರು. ನಮ್ಮ ಸರದಿ ಬರಲು ಹೊತ್ತಿತ್ತು. ಅವರ ಪಕ್ಕ ಬೆಂಚಿನ ಮೇಲೆ ಕೂತೆ.

"ಕಾಕಾ, ನೀವ ಬ್ಯಾಡ ಅಂದ್ರೂ ನಾ ಹೋಗಿ ಹೇಳಿದ್ನಿ. ನನ್ನ ಮ್ಯಾಲ ಸಿಟ್ಟ ಐತೇನ್ರಿ?"

"ಐತಿ," ಎಂದರು. ನನ್ನ ಕಡೆ ತಿರುಗಿದರು. ಕಣ್ಣು ತುಂಬಿದ್ದವು.

"ಹೇಳಿದ್ದಕ್ಕಲ್ಲ. ನಾ ಮುದುಕ, ಹೆದರಿ ಬ್ಯಾಡ ಅಂದ್ನಿ. ಎರಡೂ ಮರಿ ಜೀವಂತ ಇದ್ದವು ಅವತ್ತ. ನೀ ಯಾಕ ನನ್ನ ಮಾತ ಕೇಳಿದಿ?"